ನನ್ನ ಹೆಸರಿನ ಚೀಟಿಯಲ್ಲಿ ಅವಳ ಕುತ್ತಿಗೆ

ಜಲಜಾಕ್ಷಿಯ ಕುತ್ತಿಗೆಯಲ್ಲಿದ್ದ ಗಂಟು ಮೊದಲು ನನ್ನ ಕಣ್ಣಿಗೆ ಬೀಳಬೇಕಿತ್ತು. ನನ್ನ ಮನೆಯ ಎದುರು ಕೋಣೆಯಲ್ಲೇ ಅವಳ ಅಂಗಡಿ, ದಿನಕ್ಕೆ ಹತ್ತು ಸಲ ಅವಳ ಮುಖ ನೋಡುವವಳು ನಾನು. ಆದರೆ ಅದು ಕಂಡದ್ದು ಕೇರಳದ ತೆಂಕಲಾಗಿ ಎಲ್ಲಿಯೋ ಕೂತಿದ್ದ ಒಬ್ಬಳು ಡಾಕ್ಟರಿಗೆ, ಅದೂ ಮೊಬೈಲಿನಲ್ಲಿ. ಕಂಡ ಕೂಡಲೇ ಆಕೆ ಪರೀಕ್ಷೆಗೆ ಚೀಟಿ ಬರೆದಳು. ಚೀಟಿ ಬಂದದ್ದು ಮಾತ್ರ ನನ್ನ ಹೆಸರಿಗೆ. ಆ ಒಂದು ಚೀಟಿಯ ದೆಸೆಯಿಂದ ಜಲಜಾಕ್ಷಿ ಉಳಿಯುತ್ತಾಳೋ ಇಲ್ಲವೋ ಎಂದು ನಾನು ತಿಂಗಳುಗಟ್ಟಲೆ ಜೀವ ಕೈಯಲ್ಲಿ ಹಿಡಿದು ಕೂರಬೇಕಾಯಿತು. ಈಗ ಅದನ್ನು ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ.

ನಾನು ತೆರೆಜಾ. ಕೇರಳದ ಗಡಿಯಲ್ಲಿರುವ ನಮ್ಮ ವರ್ಕಾಡಿಯಲ್ಲಿ ತೆರೆಜಾ ಟೀಚರ್ ಎಂದು ಕೇಳಿದರೆ ಬಸ್ಸಿನ ಕಂಡಕ್ಟರೂ ಮನೆ ತೋರಿಸುತ್ತಾನೆ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಅಕ್ಷರ ತಿದ್ದಿದವಳು. ಜಲಜಾಕ್ಷಿಯೂ ಮೂರನೆಯ ಕ್ಲಾಸಿನಲ್ಲಿ ನನ್ನ ಕೈಕೆಳಗೇ ಇದ್ದಳು. ಬೆಂಚಿನಲ್ಲಿ ಪಕ್ಕದ ಹುಡುಗಿಗೆ ಪ್ರಶ್ನೆ ಕೇಳಿದರೆ ಉತ್ತರ ಇವಳ ಬಾಯಿಂದ ಬರುತ್ತಿತ್ತು. "ನಿನ್ನ ಹತ್ರ ಕೇಳಿದ್ದಾ?" ಎಂದು ಎಷ್ಟು ಸಲ ಗದರಿಸಿದ್ದೇನೋ. ಆ ಪಕ್ಕದ ಹುಡುಗಿ ಕೊನೆಯವರೆಗೂ ಬಾಯಿ ತೆರೆಯಲೇ ಇಲ್ಲ.

ಹತ್ತನೆಯ ಕ್ಲಾಸು ಮುಗಿದ ಮೇಲೆ ಅವಳು ಪಯ್ಯನ್ನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದಳು. ಅಲ್ಲಿಂದ ತಂದದ್ದು ಒಳ್ಳೆಯ ಮಲಯಾಳ, ಮತ್ತು ಗಿರಾಕಿಯನ್ನು ಮಾತಾಡಲು ಬಿಡದ ಅಭ್ಯಾಸ. ಜೀಪು ಓಡಿಸುವ ಹರಿನಾರಾಯಣನನ್ನು ಮದುವೆಯಾದಳು. ಮಗಳು ಪೂಜಾಶ್ರೀ ಶಾಲೆಗೆ ಹೋಗಲು ಶುರು ಮಾಡಿದ ವರ್ಷ ನನ್ನ ಎದುರು ಕೋಣೆ ಹಿಡಿದು ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟಳು. ಕರೆಂಟಿನ ಬಿಲ್ಲು, ಜಾಗದ ತೀರ್ವೆ, ಪಿಂಚಣಿಯ ಅರ್ಜಿ, ಆದಾಯದ ಸರ್ಟಿಫಿಕೇಟು ಎಲ್ಲ ಅವಳಲ್ಲಿಯೇ. ನಮ್ಮ ಕಡೆ ಆಫೀಸಿನ ಕಾಗದ ಬರುವುದು ಮಲಯಾಳದಲ್ಲಿ, ಜನ ಓದಿದ್ದು ಕನ್ನಡ, ಮನೆಯಲ್ಲಿ ಆಡುವುದು ತುಳುವೋ ಬ್ಯಾರಿಯೋ ಕೊಂಕಣಿಯೋ. ನಡುವೆ ಜಲಜಾಕ್ಷಿ ಇಲ್ಲದಿದ್ದರೆ ಅರ್ಧ ಊರಿಗೆ ಪಿಂಚಣಿ ಬರುತ್ತಿರಲಿಲ್ಲ. ನಾನಂತೂ ಮಲಯಾಳ ಮಾತಾಡುವುದಿಲ್ಲವೆಂದು ಹಠ ಹಿಡಿದವಳು. ಕನ್ನಡ ಉಳಿಯಬೇಕೆಂದು ಕಾಸರಗೋಡಿನ ಬಿಸಿಲಿನಲ್ಲಿ ಮೆರವಣಿಗೆ ಹೋದವಳು. ನಿಧಾನವಾಗಿ ಹೇಳಿದರೆ ಅರ್ಧ ತಿಳಿಯುತ್ತದೆ. ಆದರೆ ಬಾಯಿಂದ ಒಂದು ಶಬ್ದ ಹೊರಡಿಸುವುದಿಲ್ಲ. ಅದು ನನ್ನ ಜಂಬ.

ಮೂರು ವರ್ಷದ ಹಿಂದೆ ಅವಳ ಅಂಗಡಿಗೆ ಆನ್‌ಲೈನ್ ಡಾಕ್ಟರ ಕೆಲಸವೂ ಬಂತು. ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತರೆ ಬೀಡಿ ಕಟ್ಟುವವಳಿಗೆ ಒಂದು ದಿನದ ಸಂಬಳ ಹೋಯಿತು. ಉಪ್ಪಳದ ಸ್ಕ್ಯಾನಿಂಗಿನವರು ಡಾಕ್ಟರ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ. ಮೊಬೈಲಿನ ಆ್ಯಪಿನಲ್ಲಿಯಾದರೆ ಅರ್ಧ ಗಂಟೆಯಲ್ಲಿ ಡಾಕ್ಟರು ಎದುರು ಬರುತ್ತಾರೆ, ಕಷ್ಟ ಕೇಳುತ್ತಾರೆ, ಯಾವ ರಕ್ತ ಪರೀಕ್ಷೆ, ಯಾವ ಸ್ಕ್ಯಾನ್ ಎಂದು ಚೀಟಿ ಕಳಿಸುತ್ತಾರೆ. ಜಲಜಾಕ್ಷಿ ಅದನ್ನು ಪ್ರಿಂಟು ತೆಗೆದು ಕೊಡುತ್ತಿದ್ದಳು. ಮುದುಕ ಮುದುಕಿಯರಿಗೆ ಫೋನು ಎಲ್ಲಿಂದ? ಎಲ್ಲರ ಹೆಸರಿಗೂ ಅವಳದ್ದೇ ನಂಬರು. ಪಾಸ್‌ವರ್ಡು, ಒಟಿಪಿ ಎಲ್ಲ ಅವಳ ಮೊಬೈಲಿಗೇ ಬರುವುದು.

ಅಂಗಡಿಯಲ್ಲಿ ನೆಟ್‌ವರ್ಕ್ ಸಿಗುವುದು ಬಾಗಿಲ ಬದಿಯ ಮೇಜಿನ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಒಂದೇ ಸ್ಟೂಲು, ಸ್ಟೂಲಿನ ಮೇಲೆ ಜಲಜಾಕ್ಷಿ, ಎದುರಿಗೆ ಒರಗಿಸಿ ಇಟ್ಟ ಫೋನು. ರೋಗಿ ಹಿಂದೆ ಬೆಂಚಿನಲ್ಲಿ. ನಮ್ಮ ಹೆಂಗಸರಿಗೆ ಕ್ಯಾಮರಾ ಕಂಡರೆ ಸೆರಗು ಮುಖಕ್ಕೆ ಬರುತ್ತದೆ. ಶುರುವಿನಲ್ಲಿ ಅವಳು 'ಇವರಿಗೆ ಹೀಗಾಗುತ್ತದಂತೆ' ಎಂದು ಹೇಳಿ ನೋಡಿದಳು. 'ಅವರೇ ಮಾತಾಡಲಿ' ಎನ್ನುತ್ತಿದ್ದರು ಡಾಕ್ಟರು. ರೋಗಿಗೆ ಮಲಯಾಳ ಬಾರದು, ಡಾಕ್ಟರಿಗೆ ತುಳು ಬಾರದು, ಅಷ್ಟರಲ್ಲಿ ಲೈನು ಕಟ್ಟಾಗುತ್ತಿತ್ತು. ಆಮೇಲೆ ಅವಳೊಂದು ದಾರಿ ಕಂಡುಕೊಂಡಳು. ಹೆಂಗಸಾದರೆ 'ಎನಿಕ್ಕ್', ಅಂದರೆ 'ನನಗೆ' ಎಂದೇ ಶುರು. ಗಂಡಸಾದರೆ 'ನನ್ನ ಅಪ್ಪನಿಗೆ'. ಒಂದೇ ಸಂಜೆ ಮೂವತ್ತರ ಬಸುರಿಯೂ ಅವಳೇ, ಸೊಂಟ ಹಿಡಿದ ಅಜ್ಜಿಯೂ ಅವಳೇ. ಅಪ್ಪಂದಿರಿಗಂತೂ ಲೆಕ್ಕವೇ ಇಲ್ಲ. ಪೈವಳಿಕೆಯ ಭಟ್ಟರೂ ಇದ್ದರು, ಮೀನಿನ ಬ್ಯಾರಿಯೂ ಇದ್ದರು, ನಮ್ಮ ಇಗರ್ಜಿಯ ಮುಖಂಡ ಗುರ್ಕಾರರೂ ಇದ್ದರು.

"ನಿನಗೆ ಒಟ್ಟು ಎಷ್ಟು ಮಂದಿ ಅಪ್ಪಂದಿರು ಮಾರಾಯ್ತಿ?" ಎಂದು ಕೇಳಿದರೆ, "ಚೀಟಿ ಸಿಕ್ಕಿತಾ ಇಲ್ವಾ, ಅದು ಹೇಳಿ ಟೀಚರೇ," ಎನ್ನುತ್ತಿದ್ದಳು.

ಚೀಟಿ ಸಿಗುತ್ತಿತ್ತು. ಸಿಕ್ಕಿದ ಮೇಲೆ ಬಿಡುತ್ತಲೂ ಇರಲಿಲ್ಲ. "ಪರೀಕ್ಷೆ ಮಾಡಿಸಿದಿರಾ? ಎಂತಕ್ಕೆ ಮಾಡಿಸಲಿಲ್ಲ? ಹೆದರಿದ್ರೆ ಕಾಯಿಲೆ ಓಡಿ ಹೋಗ್ತದಾ?" ಎಂದು ಬಸ್‌ಸ್ಟಾಪಿನಲ್ಲೇ ಜೋರು ಮಾಡುತ್ತಿದ್ದಳು. ನಮ್ಮ ಪಕ್ಕದ ಮೆರ್ಲಿನಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಾದದ್ದೇ ಇವಳ ಜೋರಿನಿಂದ. ಇಂಥವಳು ತನ್ನ ಕುತ್ತಿಗೆಯ ಗಂಟಿಗೆ ಚೀಟಿ ಕೇಳಲಿಲ್ಲ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ಕಳೆದ ಫೆಬ್ರವರಿಯಲ್ಲಿ ನನಗೆ ಪಾದ ಜೋಮು ಹಿಡಿಯಲು ಶುರುವಾಯಿತು. ಹತ್ತು ಹೆಜ್ಜೆ ನಡೆದರೆ ಸುಸ್ತು. ನನ್ನ ಗಂಡ ರೆಜಿನಾಲ್ಡ್ "ಮಂಗಳೂರಿಗೆ ಹೋಗುವಾ" ಎಂದರು. ನಾನೇ, "ಎದುರು ಕೋಣೆಯಲ್ಲೇ ಡಾಕ್ಟರಿದ್ದಾರೆ, ಮಂಗಳೂರು ಎಂತಕ್ಕೆ?" ಎಂದು ಜಲಜಾಕ್ಷಿಯ ಬೆಂಚಿನಲ್ಲಿ ಹೋಗಿ ಕೂತೆ. ಸಂಜೆ ನಾಲ್ಕೂವರೆಗೆ ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರಮ್ಮ ಬಂದಳು. ಹುರಿದ ಕಡಲೆ ಸಿಡಿದ ಹಾಗೆ ಮಾತು. ಜಲಜಾಕ್ಷಿ 'ಎನಿಕ್ಕ್' ಎಂದು ನನ್ನ ಪಾದದ ಕಥೆ ಶುರು ಮಾಡಿದಳು. ಅರವತ್ತೆಂಟು ವರ್ಷವೆಂದು ಕೇಳಿ ಆಕೆಗೆ ಆಶ್ಚರ್ಯ. ಮೊಬೈಲಿನ ಚಿತ್ರವೂ ಅಷ್ಟೇನೂ ಸರಿ ಇರಲಿಲ್ಲ ಅನ್ನಿ. ಇವಳು ನಾಚದೆ ನಮ್ಮ ಊರಿನ ನೀರು ಹಾಗೆ ಎಂದಳು. ನಾನು ಹಿಂದೆ ಬಾಯಿಗೆ ಸೆರಗು ಒತ್ತಿ ನಕ್ಕೆ. ನಗುವ ಹೊತ್ತಿನಲ್ಲೇ ಡಾಕ್ಟರಮ್ಮ ಏನೋ ಕೇಳಿದಳು. ಜಲಜಾಕ್ಷಿ ಚಕ್ಕನೆ ತಲೆ ತಗ್ಗಿಸಿದಳು. ಫೋನು ಮೇಜಿನ ಮೇಲೆ ಕೆಳಗಿನಿಂದ ಮೇಲಕ್ಕೆ ನೋಡುತ್ತಿತ್ತು; ಅದರಲ್ಲಿ ಮುಖಕ್ಕಿಂತ ಕುತ್ತಿಗೆಯೇ ಹೆಚ್ಚು ಕಾಣುವುದು ಎಂದು ನನಗೆ ಆಗ ಹೊಳೆಯಲಿಲ್ಲ.

ಚೀಟಿಯಲ್ಲಿ ಸಕ್ಕರೆಯ ಪರೀಕ್ಷೆ, ವಿಟಮಿನಿನ ಪರೀಕ್ಷೆ, ಥೈರಾಯ್ಡ್. ಕೊನೆಗೆ ಕುತ್ತಿಗೆಯ ಸ್ಕ್ಯಾನ್.

"ಕಾಲು ನೋವಿಗೆ ಕುತ್ತಿಗೆ ಎಂತಕ್ಕೆ?" ಎಂದೆ.

"ಪ್ರಾಯದವರಿಗೆಲ್ಲ ಬರೀತಾರೆ ಟೀಚರೇ. ಒಮ್ಮೆ ಮಾಡಿಸಿ ಬಿಡಿ. ಒಳ್ಳೇದಲ್ವಾ?" ನನ್ನ ಮುಖ ನೋಡದೆ ಪ್ರಿಂಟರಿಗೆ ಕಾಗದ ತುಂಬಿಸುತ್ತಾ ಹೇಳಿದಳು.

ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು! ನಾನು ನಂಬಿದೆ. ಉಪ್ಪಳಕ್ಕೆ ಹೋಗಿ, ಹೆದ್ದಾರಿ ಬದಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎರಡು ಗಂಟೆ ಕಾದು, ಕುತ್ತಿಗೆಗೆ ತಣ್ಣಗಿನ ಅಂಟು ಹಚ್ಚಿಸಿಕೊಂಡು ಮಲಗಿದೆ. "ಬಾವು ಉಂಟು ಅಂತ ಬರೆದಿದ್ದಾರಲ್ಲ, ಎಲ್ಲಿ ಅಮ್ಮಾ? ಎಂತದೂ ಇಲ್ಲ ಇಲ್ಲಿ," ಎಂದರು ಅಲ್ಲಿಯ ಡಾಕ್ಟರು. ಖರ್ಚು ದಂಡವಾಯಿತೆಂದು ಬೈದುಕೊಂಡರೂ ಒಳಗೊಳಗೆ ಖುಷಿಯಾಯಿತು. ಈ ಪ್ರಾಯದಲ್ಲಿ ಒಂದು ಅಂಗವಾದರೂ ಸರಿ ಉಂಟಲ್ಲ!

ರಿಪೋರ್ಟು ತಂದು ಜಲಜಾಕ್ಷಿಯ ಕೈಗೆ ಕೊಟ್ಟೆ, ಆ್ಯಪಿಗೆ ಹಾಕಲಿ ಎಂದು. ಅವಳು ಓದಿದಳು. ಮತ್ತೊಮ್ಮೆ ಓದಿದಳು. "ನಾರ್ಮಲ್, ಟೀಚರೇ! ಎಂತದೂ ಇಲ್ಲವಂತೆ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮರುದಿನ ಊರ ದೈವ ಕೊರಗಜ್ಜನಿಗೆ ಚಕ್ಕುಲಿ, ಬೀಡಾ ಇಟ್ಟು ಬಂದಳು. ಹರಕೆ ಹೇಳಿದ್ದಳಂತೆ. ನನಗಾಗಿ ಈ ಹುಡುಗಿ ಅಜ್ಜನಿಗೆ ಹರಕೆ ಹೇಳಿದ್ದಾಳಲ್ಲ ಎಂದುಕೊಂಡೆ. ಆ ಭಾನುವಾರ ಪೂಜೆಗೆ ಹೋದಾಗ ಅವಳ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ಎಂಥ ಮೂರ್ಖಳು ನಾನು!

ವಿಷು ಕಳೆದು ಸೆಕೆ ಏರಿತು. ಜನ ಮೈಮೇಲೆ ಬಟ್ಟೆ ಬೇಡವೆಂದು ಒದ್ದಾಡುತ್ತಿರುವಾಗ ಜಲಜಾಕ್ಷಿ ಮಾತ್ರ ಚೂಡಿದಾರದ ಶಾಲನ್ನು ಗಂಟಲವರೆಗೆ ಸುತ್ತಿ ಪಿನ್ನು ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪಿನ್ನು ತೆಗೆದಿಟ್ಟು, ನಾನು ಕೊಟ್ಟ ಮಜ್ಜಿಗೆಯ ಲೋಟವನ್ನು ತುಟಿಗೆ ತಾಗಿಸದೆ ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿದಳು. ಒಂದೊಂದು ಗುಟುಕಿಗೂ ಕುತ್ತಿಗೆಯ ಎಡಬದಿಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡದೊಂದು ಗಂಟು ಮೇಲೆ ಹೋಗಿ ಕೆಳಗೆ ಬಂತು.

"ಎಂತದು ಅದು? ಯಾವಾಗಿಂದ?"

ಅವಳು ಲೋಟ ಕೆಳಗಿಟ್ಟು ಶಾಲು ಎಳೆದುಕೊಂಡಳು. "ಅದಾ? ಅದು ತೋರಿಸಿ ಆಗಿದೆ. ನಾರ್ಮಲ್."

"ಯಾರಿಗೆ ತೋರಿಸಿದ್ದು? ರಿಪೋರ್ಟ್ ಎಲ್ಲಿ?"

ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಕೊಟ್ಟಳು. ಮಡಚಿದಲ್ಲಿ ಹರಿಯುವಷ್ಟು ಹಳತಾಗಿತ್ತು. ಎಷ್ಟು ಸಲ ಬಿಡಿಸಿ ನೋಡಿದ್ದಳೋ. ಮೇಲೆ ಹೆಸರು ತೆರೆಜಾ. ವಯಸ್ಸು ಅರವತ್ತೆಂಟು.

"ಇದು ನನ್ನ ಕುತ್ತಿಗೆಯಲ್ವಾ ಹುಚ್ಚಿ!"

"ಡಾಕ್ಟರಮ್ಮ ನೋಡಿದ್ದು ನನ್ನ ಕುತ್ತಿಗೆ ಟೀಚರೇ. ಗಂಟು ಎಂತದು ಅಂತ ಕೇಳಿದ್ದು ನನ್ನ ಹತ್ರ. ಸ್ಕ್ಯಾನ್ ಬರೆದದ್ದು ನನ್ನದು ನೋಡಿ. ಅದಕ್ಕೆ ನಾರ್ಮಲ್ ಅಂತ ಬಂತು." ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. ತಾನು ಹೇಳುವುದು ಪೊಳ್ಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳು ಆ ಕಾಗದ ಹಿಡಿದುಕೊಂಡು ಇರುಳು ನಿದ್ದೆ ಮಾಡಿದ್ದಳು.

ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ನನಗೆ ಕೈಯೆತ್ತಿ ಹೊಡೆಯುವಷ್ಟು ಸಿಟ್ಟು ಬಂತು. ನಿಂತಲ್ಲೇ ಬೈದೆ. ಊರಿಗೆಲ್ಲ ಬುದ್ಧಿ ಹೇಳುವವಳು ನೀನು, ನಿನ್ನ ತಲೆಯಲ್ಲಿ ಮಣ್ಣಾ ಇರುವುದು ಎಂದೆ. ಅವಳು ಎಲ್ಲ ಕೇಳಿಸಿಕೊಂಡು, "ಚಿತ್ರಕ್ಕನ ನೆನಪುಂಟಾ ಟೀಚರೇ?" ಎಂದಳು.

ಚಿತ್ರಾ ಅವಳ ಅಕ್ಕ. ಎದೆಯಲ್ಲಿ ಗಂಟು ಬಂದು, ಮಂಗಳೂರಿನಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದ ನಾಲ್ಕು ತಿಂಗಳಿಗೆ ತೀರಿಕೊಂಡಳು. ಗಂಟಿಗೆ ಸೂಜಿ ತಾಗಿಸಿದರೆ ಕೆರಳುತ್ತದೆ ಎಂಬ ಮಾತು ನಮ್ಮ ಕಡೆ ಮನೆ ಮನೆಯಲ್ಲಿ ಉಂಟು. ಚಿತ್ರಾ ಗಂಟು ಒಡೆದು ನೀರು ಸುರಿಯುವವರೆಗೆ ಸೆರಗಿನಡಿ ಮುಚ್ಚಿಟ್ಟದ್ದು ಯಾರ ಬಾಯಲ್ಲೂ ಬರುವುದಿಲ್ಲ. ಎಲ್ಲ ತಪ್ಪು ಸೂಜಿಯದ್ದು.

"ಸ್ಕ್ಯಾನ್ ಮಾಡಿದ್ರೆ ಆಮೇಲೆ ಸೂಜಿ ಅಂತಾರೆ. ಪೂಜಾ ಪ್ಲಸ್ ವನ್‌ನಲ್ಲಿ ಇದ್ದಾಳೆ. ಅವಳದ್ದೊಂದು ದಾರಿ ಆಗ್ಲಿ," ಎಂದಳು. ಆಮೇಲೆ ನನ್ನ ಕೈ ಹಿಡಿದು, ನಿಮ್ಮ ಮರಿಯಮ್ಮನ ಮೇಲೆ ಆಣೆ, ಹರಿಗೆ ಹೇಳಬಾರದು, ಮಗಳಿಗೆ ಹೇಳಬಾರದು ಎಂದು ಮಾತು ತೆಗೆದುಕೊಂಡಳು. ನಾನು ಆಯಿತು ಎಂದುಬಿಟ್ಟೆ.

ಆ ಮೇಲಿನ ಐದು ವಾರ ನನಗೆ ಅನ್ನ ಸೇರಲಿಲ್ಲ. ಬೆಳಿಗ್ಗೆ ಅವಳು ಶಟರ್ ಎತ್ತುವ ಸದ್ದು ಕೇಳಿದರೆ ಒಮ್ಮೆ ಉಸಿರು ಬಿಡುತ್ತಿದ್ದೆ. ಹತ್ತು ನಿಮಿಷ ತಡವಾದರೆ ಗೇಟಿಗೆ ಓಡುತ್ತಿದ್ದೆ. ಅವಳ ಸ್ವರ ಸ್ವಲ್ಪ ಒರಟಾಗಿದೆಯೋ ಎಂದು ಅನುಮಾನ. ಶೀತ ಎಂದಳು. ಅನ್ನ ನುಂಗುವಾಗ ನೀರು ಕುಡಿಯುತ್ತಾಳೋ ಎಂದು ಕದ್ದು ನೋಡುವುದು. ಹರಿನಾರಾಯಣ ಸಂಜೆ ಜೀಪು ನಿಲ್ಲಿಸಿ "ಎಂತ ಟೀಚರೇ, ಸೌಖ್ಯವಾ?" ಎಂದರೆ ನಾಲಗೆಯ ತುದಿಗೆ ಬಂದದ್ದನ್ನು ನುಂಗುವುದು. ರೆಜಿನಾಲ್ಡಿಗೂ ಹೇಳುವ ಹಾಗಿಲ್ಲ. ಮುದುಕಿಗೆ ಮರುಳು ಹಿಡಿಯಿತು ಎಂದು ಅವರು ಅಂದುಕೊಂಡಿರಬೇಕು.

ಜೂನ್ ತಿಂಗಳಲ್ಲಿ ನನಗೊಂದು ಉಪಾಯ ಹೊಳೆಯಿತು. ಹರಿಗೂ ಪೂಜಾಳಿಗೂ ಹೇಳುವುದಿಲ್ಲವೆಂದು ತಾನೇ ಆಣೆ? ಡಾಕ್ಟರಮ್ಮನಿಗೆ ಹೇಳಬಾರದು ಎಂದು ಇಲ್ಲವಲ್ಲ. ಆದರೆ ಆ್ಯಪಿನಲ್ಲಿ ಯಾವ ಸಂಜೆ ಯಾವ ಡಾಕ್ಟರು ಸಿಗುತ್ತಾರೆಂದು ದೇವರಿಗೇ ಗೊತ್ತು. ಮೊದಲ ದಿನ ನಾನು ಮಂಡಿ ನೋವು ಎಂದು ಹೋಗಿ ಕೂತೆ. ಒಬ್ಬರು ಗಂಡಸು ಡಾಕ್ಟರು ಬಂದರು, ಮುಲಾಮು ಬರೆದು ಹೋದರು. ಎರಡು ದಿನ ಬಿಟ್ಟು ಎದೆಯುರಿ ಎಂದೆ. ಬೇರೊಬ್ಬರು ಬಂದರು. ಮೂರನೆಯ ಸಲ ತಲೆ ತಿರುಗುತ್ತದೆ ಎಂದೆ. "ನಿಮಗೆ ದಿನಕ್ಕೊಂದು ಕಾಯಿಲೆಯಾ ಟೀಚರೇ?" ಎಂದು ಜಲಜಾಕ್ಷಿ ನಕ್ಕಳು. ನಗುವಾಗಲೂ ಶಾಲು ಸರಿ ಮಾಡಿಕೊಂಡಳು. ಫೋನಿನಲ್ಲಿ ಆ ಕಡಲೆ ಸಿಡಿಯುವ ಸ್ವರ ಕೇಳಿತು.

ಡಾಕ್ಟರಮ್ಮ ನನ್ನ ಹೆಸರು ಓದಿದಳು, ಹಳೆಯ ಚೀಟಿ ತೆಗೆದಳು. ಆಮೇಲೆ ಶಾಲು ತೆಗೆಯಲು ಹೇಳಿದಳು. ಅಷ್ಟು ಮಲಯಾಳ ನನಗೂ ತಿಳಿಯುತ್ತದೆ. ಜಲಜಾಕ್ಷಿ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾ ಕಾಲ್ ಕಟ್ ಮಾಡಲು ಕೈ ಚಾಚಿದಳು. ನಾನು ಬೆಂಚಿನಿಂದ ಎದ್ದು ಆ ಕೈಯನ್ನು ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಅವಳ ಶಾಲು ಎಳೆದೆ. ಪಿನ್ನು ಕಿತ್ತು ಬಂತು.

ಫೋನಿನ ಎದುರು ನನ್ನ ಮುಖ ಇಟ್ಟು, ಜನ್ಮದಲ್ಲಿ ಆಡದ ಭಾಷೆಯಲ್ಲಿ ಹೇಳಿದೆ: "ಡಾಕ್ಟರ್, ರಿಪೋರ್ಟ್ ಎಂಡೆ. ಕಳುತ್ತ್ ಇವಳುಡೆ." ರಿಪೋರ್ಟ್ ನನ್ನದು, ಕುತ್ತಿಗೆ ಇವಳದ್ದು. ನಾನೇ ತೆರೆಜಾ ಎಂದು ಎದೆ ತಟ್ಟಿ ತೋರಿಸಿದೆ.

ಆಕೆಗೆ ಅರ್ಥವಾಗಲು ಐದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಬೈದಳು. ನಾನು ಮಕ್ಕಳಿಗೂ ಹಾಗೆ ಬೈದದ್ದಿಲ್ಲ. ಆ ಬಾವು ಕಂಡು ಆವತ್ತು ತನಗೆ ಹೆದರಿಕೆಯಾಗಿತ್ತು, ನಾರ್ಮಲ್ ಎಂದು ರಿಪೋರ್ಟ್ ಬಂದದ್ದರಿಂದ ಬಿಟ್ಟೆ ಎಂದಳು. ನಾಲ್ಕು ತಿಂಗಳು ಹಾಳು ಮಾಡಿದಿರಿ ಎಂದಳು. ಈ ನಂಬರಿನಲ್ಲಿ ಇನ್ನು ಯಾರಿಗೂ ಚೀಟಿ ಕೊಡದ ಹಾಗೆ ಬರೆಯುತ್ತೇನೆ ಎಂದಳು. ಬೈಗಳು ಮುಗಿದ ಮೇಲೆ ದನಿ ತಗ್ಗಿಸಿ, ನಿಧಾನವಾಗಿ, ಸರಿಯಾದ ಹೆಸರು ಹೇಳಿ ಎಂದಳು. ಊರಿನ ನೂರು ಮಂದಿಯ ನೋವು ಹೇಳಿದವಳು ಗೋಡೆ ನೋಡುತ್ತಾ ಕೂತಳು. ಅವಳ ಹೆಸರು, ಪ್ರಾಯ ನಾನೇ ಹೇಳಿದೆ.

ಚೀಟಿ ಬಂತು. ಕುತ್ತಿಗೆಯ ಸ್ಕ್ಯಾನ್, ಬೇಕಾದರೆ ಸೂಜಿ ಪರೀಕ್ಷೆ, ಒಂದು ವಾರದೊಳಗೆ ಆಸ್ಪತ್ರೆಗೆ. ಪ್ರಿಂಟು ತೆಗೆಯಲು ಅವಳು ಒಪ್ಪಲಿಲ್ಲ. ನಾನು ಮೊಬೈಲನ್ನೇ ಎತ್ತಿಕೊಂಡು ಹೊರಗೆ ಹೋಗಿ ಬಸ್‌ಸ್ಟಾಪಿನಲ್ಲಿ ನಿಂತೆ. ಐದೂಮುಕ್ಕಾಲಕ್ಕೆ ಹರಿನಾರಾಯಣನ ಜೀಪು ಬಂತು. "ಇದನ್ನು ಓದು," ಎಂದು ಕೈಗೆ ಕೊಟ್ಟೆ. ಆಣೆ ಮುರಿದೆ. ಶನಿವಾರ ಫಾದರಲ್ಲಿ ಪಾಪನಿವೇದನೆ ಮಾಡಿದೆ. ಅವರು, "ಟೀಚರ್, ಇದು ನೀವು ತಡಮಾಡಿದ ಪಾಪ, ಮುರಿದದ್ದಲ್ಲ," ಎಂದರು. ಅದು ಸರಿಯೇ.

ಹರಿನಾರಾಯಣ ಚೀಟಿ ಓದಿ ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವನು ಹೆಂಡತಿಗೆ ಒಂದು ಮಾತು ಬಯ್ಯಲಿಲ್ಲ. ಮರುದಿನ ಟ್ರಿಪ್ಪು ಬಿಟ್ಟು ಉಪ್ಪಳಕ್ಕೆ ಕರೆದುಕೊಂಡು ಹೋದ. ನಾನೂ ಹೋದೆ. ಅದೇ ಸೆಂಟರು, ಅದೇ ಹಾಸಿಗೆ, ಅದೇ ಡಾಕ್ಟರು. ಈ ಸಲ ಅವರು ಹಲ್ಲು ಕಚ್ಚಿ ಸ್ಕ್ರೀನು ನೋಡುತ್ತಾ ಮತ್ತೆ ಮತ್ತೆ ಅಳತೆ ತೆಗೆದರು. ಎರಡು ದಿನದಲ್ಲಿ ಮಂಗಳೂರಿಗೆ ಹೋಗಬೇಕಾಯಿತು. ಅಲ್ಲಿ ಸೂಜಿ ಹಾಕುವಾಗ ಅವಳು ನನ್ನ ಮಣಿಗಂಟಿನಲ್ಲಿ ಉಗುರು ಊರಿದ್ದಳು, ರಕ್ತ ಬಂದಿತ್ತು. ನಾನು ಕೈ ಎಳೆದುಕೊಳ್ಳಲಿಲ್ಲ.

ಫಲಿತಾಂಶಕ್ಕೆ ಎಂಟು ದಿನ. ಆ ಎಂಟು ದಿನವೂ ಅವಳು ಅಂಗಡಿ ತೆರೆದಳು. ಆದರೆ ಡಾಕ್ಟರ ಕೆಲಸ ಮಾಡಲಿಲ್ಲ, ನಂಬರು ಬಂದ್ ಆಗಿತ್ತು. ಗಂಟೆಗೊಮ್ಮೆ ಮೊಬೈಲನ್ನು ಕನ್ನಡಿ ಮಾಡಿ ಕುತ್ತಿಗೆ ನೋಡಿಕೊಳ್ಳುತ್ತಿದ್ದಳು. "ಟೀಚರೇ, ಸೂಜಿ ಹಾಕಿದ ಮೇಲೆ ದೊಡ್ಡದಾಯ್ತಾ ನೋಡಿ. ಮುಟ್ಟಿ ನೋಡಿ." ನಾನು ಮುಟ್ಟಿ ನೋಡಿ "ಇಲ್ಲ" ಎನ್ನುತ್ತಿದ್ದೆ. "ಸುಳ್ಳು ಹೇಳ್ಬೇಡಿ." "ಮರಿಯಮ್ಮನಾಣೆ ಇಲ್ಲ." "ನಿಮ್ಮ ಆಣೆ ಗೊತ್ತುಂಟು ನನಗೆ!" ಎಂದು ರೇಗುತ್ತಿದ್ದಳು. ಒಳ್ಳೆಯದಾಯಿತು, ರೇಗಲಿ ಎಂದು ಬಿಟ್ಟೆ. ಪೂಜಾಶ್ರೀ ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದು ತಾಯಿಯ ಕಾಲ ಬುಡದಲ್ಲಿ ಪುಸ್ತಕ ತೆರೆದು ಕೂರುತ್ತಿದ್ದಳು. ಒಂದು ಪುಟವೂ ತಿರುಗಿಸುತ್ತಿರಲಿಲ್ಲ.

ಕ್ಯಾನ್ಸರ್ ಎಂದು ಬಂತು. ಸರ್ಜನ್ ನಿಧಾನದ ಮನುಷ್ಯ, ಕನ್ನಡದಲ್ಲೇ ಹೇಳಿದರು. ಥೈರಾಯ್ಡಿನದ್ದು, ಈ ಜಾತಿಯದ್ದರಲ್ಲಿ ಹೆಚ್ಚಿನವರು ಉಳಿಯುತ್ತಾರೆ, ಹೆದರಬೇಡಿ. ಆದರೆ ಬದಿಯ ಗ್ರಂಥಿಗೂ ಹೋಗಿದೆ. ಸ್ವರದ ನರಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಆಪರೇಷನ್ ಆದ ಮೇಲೆ ಮಾತು ಹೇಗೆ ಬರುತ್ತದೋ ಈಗ ಹೇಳಲಾಗುವುದಿಲ್ಲ.

"ಮೊದಲು ಯಾರು ನೋಡಿದ್ದು ಇದನ್ನು? ಯಾವಾಗ?" ಎಂದು ಕೇಳಿದರು.

"ಫೆಬ್ರವರಿಯಲ್ಲಿ," ಎಂದೆ ನಾನು.

"ಆಗ ಸ್ಕ್ಯಾನ್ ಮಾಡಿಸಲಿಲ್ಲವಾ?"

ಮಾಡಿಸಿದ್ದೆವು. ನನ್ನ ಕುತ್ತಿಗೆಯದ್ದು. ಜಲಜಾಕ್ಷಿ ತಲೆ ಬಗ್ಗಿಸಿದ್ದಳು, ಹರಿನಾರಾಯಣ ನನ್ನ ಮುಖ ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಕುತ್ತಿಗೆ ಸರಿ ಉಂಟೆಂದು ಹಿಗ್ಗಿ, ಕಾಲು ನೋವಿಗೆ ಕುತ್ತಿಗೆ ಯಾಕೆಂದು ಎರಡನೆಯ ಸಲ ಕೇಳದೆ ಬಿಟ್ಟವಳು ನಾನು. ಒಂದು ಭಾಷೆ ಆಡುವುದಿಲ್ಲವೆಂಬ ಜಂಬದಿಂದ ನನ್ನ ಕಾಯಿಲೆಯನ್ನು ಅವಳ ಬಾಯಿಗೆ ಹಾಕಿದವಳೂ ನಾನೇ. ಅದನ್ನು ನೆನೆದು ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಜುಲೈ ಎರಡನೆಯ ವಾರ ಆಪರೇಷನ್. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವಳು ಒಂದೂವರೆಯಾದರೂ ಬರಲಿಲ್ಲ. ನಾನು ತೇರ್ಸದ ಜಪಮಣಿ ಎಣಿಸುತ್ತಾ ಎಷ್ಟು ಸುತ್ತು ಬಂದೆನೋ ಗೊತ್ತಿಲ್ಲ. ಪೂಜಾಶ್ರೀ ನನ್ನ ಹೆಗಲಿಗೆ ಒರಗಿ, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದಳು. ಸರ್ಜನ್ ಬಂದು, "ಎಲ್ಲ ತೆಗೆದಿದ್ದೇವೆ. ನರ ಕತ್ತರಿಸಲಿಲ್ಲ, ಕೆರೆದು ಬಿಡಿಸಿದ್ದೇವೆ. ಸ್ವರ ಕಾದು ನೋಡಬೇಕು," ಎಂದರು.

ಎರಡು ದಿನ ಕಾದೆವು. ಅವಳು ತುಟಿ ಅಲ್ಲಾಡಿಸಿದರೆ ಗಾಳಿ ಮಾತ್ರ ಬರುತ್ತಿತ್ತು. ನೀರು ಬೇಕಾದರೆ ಕೈಸನ್ನೆ, ನೋವಾದರೆ ಕಣ್ಣೀರು. ನರ್ಸು ಬಂದು ಏನು ಕೇಳಿದರೂ ನಾನೇ ಹೇಳುತ್ತಿದ್ದೆ: ನೋವುಂಟು, ಗಂಜಿ ಕುಡಿದಳು, ನಿದ್ದೆ ಬರಲಿಲ್ಲ. ಹೇಳುವಾಗ ಅವಳು ನನ್ನನ್ನೇ ನೋಡುತ್ತಿದ್ದಳು.

ಮೂರನೆಯ ಬೆಳಿಗ್ಗೆ ಹೊಸ ಸಿಸ್ಟರ್ ಬಂದರು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಫೈಲು. "ಹೆಸರು ಹೇಳಿ," ಎಂದರು.

ನಾನು ಬಾಯಿ ತೆರೆದೆ.

"ನೀವಲ್ಲಮ್ಮ. ಪೇಷಂಟೇ ಹೇಳಬೇಕು. ಒಬ್ಬರ ಮದ್ದು ಇನ್ನೊಬ್ಬರಿಗೆ ಹೋಗಬಾರದಲ್ಲ?"

"ಅವಳಿಗೆ ಸ್ವರ ಇಲ್ಲ ಸಿಸ್ಟರ್. ಆಪರೇಷನ್ ಆಗಿ..."

"ಗೊತ್ತುಂಟು. ಆದಷ್ಟು ಹೇಳಲಿ. ನಾನು ನಿಲ್ತೇನೆ."

ಜಲಜಾಕ್ಷಿ ನನ್ನ ಕಡೆ ತಿರುಗಿದಳು. ನಾನು ಬಾಯಿ ಮುಚ್ಚಿಕೊಂಡೆ. ಹಾಸಿಗೆಯ ಕಬ್ಬಿಣ ಹಿಡಿದುಕೊಂಡು ನಿಂತೆ. ಅವಳು ಎಂಜಲು ನುಂಗಿದಳು, ನೋವಿಗೆ ಮುಖ ಕಿವುಚಿದಳು. ಮೊದಲ ಸಲ ಗಾಳಿಯೇ ಬಂತು. ಸಿಸ್ಟರ್ ಕಾದರು. ಎರಡನೆಯ ಸಲ ಗಂಟಲ ಆಳದಿಂದ, ತುಕ್ಕು ಹಿಡಿದ ಬಾಗಿಲು ಎಳೆದ ಹಾಗೆ, ಒಂದು ಸ್ವರ ಹೊರಟಿತು.

"ಜಲಜಾಕ್ಷಿ."

"ಪ್ರಾಯ?"

"ನಲ್ವತ್ತ ಮೂರು." ಅರ್ಧದಲ್ಲಿ ಒಡೆಯಿತು, ಆದರೂ ಪೂರ್ತಿ ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ಇನ್ನೂ ಒಂದು ಮಾತು ಸೇರಿಸಿದಳು: "ನನಗೆ ತುಂಬಾ ನೋವುಂಟು ಸಿಸ್ಟರ್."

ಸಿಸ್ಟರ್ ಅವಳ ಕೈಯ ಪಟ್ಟಿ ನೋಡಿ, ಫೈಲಿನಲ್ಲಿ ಬರೆದುಕೊಂಡು, ಮಾತ್ರೆ ಕೊಟ್ಟು ಪಕ್ಕದ ಹಾಸಿಗೆಗೆ ಹೋದರು. ನಾನು ಕಿಟಕಿಯ ಕಡೆ ತಿರುಗಿ ನಿಂತು ಅತ್ತೆ.